ಹಸುವಿಗೆ ಸುರಿದ ಹಿತಕಿದಬೇಳೆ

ವಕ್ಕಲೇರಿ
೧೮ ಜನವರಿ ೨೦೨೫, ಶನಿವಾರ

ನನ್ನ ಮುದ್ದಿನ ಚೈತನ್ಯ ಅವರಿಗೆ,

‘ಅವರಿಗೆ’ ಎಂದದ್ದು ಅತ್ತೆಯ ಕಣ್ಣಿಗೆ ಬಿದ್ದರೆ ಇರಲಿ ಎಂದು. ನೀವು ಅದನ್ನು ಬಿಟ್ಟು ಓದಿಕೊಳ್ಳಿ. ಹೇಗಿದ್ದೀರಿ? ಪುಣೆಯ ಚಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ಕ್ಯಾಂಟೀನಿನ ಚಪಾತಿ ಒಗ್ಗಿತೆ? ಈ ಟ್ರೈನಿಂಗ್ ಕಂಡುಹಿಡಿದವರಿಗೆ ನಾನು ದಿನವೂ ಶಾಪ ಹಾಕುತ್ತೇನೆ. ನಿಮ್ಮ ನೀಲಿ ಸ್ವೆಟರನ್ನು ಇನ್ನೂ ಒಗೆಯಲು ಹಾಕಿಲ್ಲ, ಏಕೆಂದು ಕೇಳಬೇಡಿ. ಇಂಗ್ಲಿಷ್ ಮೀಡಿಯಂನವಳ ಕನ್ನಡ ನೋಡಿ ನಗಲೂಬೇಡಿ.

ನೀವು ಹೊರಟ ವಾರ ನಮ್ಮ ಮಹಡಿಯ ರೂಮಿಗೆ ಬಾಡಿಗೆಗೆ ಬಂದ ಮಿಜೋರಾಂ ಹುಡುಗಿ ರಿನ್‌ಪುಯಿ ಈಗ ನನ್ನ ಜೀವದ ಗೆಳತಿ. ನರಸಾಪುರದ ಕಂಪನಿಯಲ್ಲಿ ಅವಳಿಗೆ ಕೆಲಸ. ಬಂದ ದಿನ ಅತ್ತೆ, “ನೀವು ಯಾವ ಜನಮ್ಮ?” ಎಂದು ಕೇಳಿದರು. ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಅವಳು ಮಿಜೋ ಎಂದಳು. “ಅದು ಊರಾಯ್ತು ಕಣಮ್ಮ, ಜನ ಯಾವ್ದು?” ಎಂದರು ಅತ್ತೆ. ಮನೆದೇವರು ಯಾವುದೆಂದು ಕೇಳಿದರೂ ಗೊತ್ತಾಗಲಿಲ್ಲ. ಎಲ್ಲಿ ಕೂರಿಸುವುದೆಂದು ಹೊಳೆಯದೆ ಕೊನೆಗೆ ನಡುಮನೆಯಲ್ಲೇ ಕೂರಿಸಿದರು. ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಕಂಡು ಚೀನಾದವಳು ಬಂದಳು ಎನ್ನುತ್ತಾರಂತೆ, ಅವರೆಲ್ಲ ಒಂದೇ ಥರ ಕಾಣುತ್ತಾರೆ ಎನ್ನುತ್ತಾರಂತೆ. ಅವಳ ಕಣ್ಣಿಗೆ ನಾವೇ ಒಂದೇ ಥರವಂತೆ. ಆದರೂ ಯಾರು ಯಾರ ಮನೆಯ ಒಳಗೆ ಬರಬಹುದೆಂದು ನಮಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದಳು. ನಮ್ಮ ಮನೆಯಲ್ಲಿ ಅಂಥದ್ದೆಲ್ಲ ಇಲ್ಲ ಎಂದೆ, ಎಷ್ಟು ಹೆಮ್ಮೆಯಿಂದ! ಮಾಲೂರಿಗೆ ಹೆಣ್ಣು ನೋಡಲು ಬಂದಾಗ ನೀವು ಆಡಿದ ಮಾತೇ ಅದು. ನಿಮ್ಮ ಕಾಫಿ ಮುಗಿಯುವ ಮೊದಲೇ ನಾನು ಮನಸ್ಸಿನಲ್ಲಿ ಹೂಂ ಅಂದಿದ್ದೆ, ಗೊತ್ತಾ?

ಆಮೇಲೆ ಅವಳ ಜೊತೆ ಕೆಲಸ ಮಾಡುವ ಗಂಗಾಲಕ್ಷ್ಮಿಯೂ ಅದೇ ರೂಮಿಗೆ ಬಂದಳು. ಶ್ರೀನಿವಾಸಪುರದ ಕಡೆಯವಳು. ಅತ್ತೆಯ ಜೊತೆ ತೆಲುಗಿನಲ್ಲಿ ಹರಟಿ ಹರಟಿ ಮನಸ್ಸು ಗೆದ್ದುಬಿಟ್ಟಳು. ಬಂಗಾರದಂಥ ಹುಡುಗಿ, ಅವಳನ್ನು ನೋಡಿ ಕಲಿ ಎಂದು ಅತ್ತೆ ನನಗೇ ಹೇಳುತ್ತಿದ್ದರು.

ಗುರುವಾರ ಸಂಜೆ ನಾಲ್ವರೂ ಅಂಗಳದಲ್ಲಿ ಕೂತು, ನೆನೆಸಿದ ಅವರೆಕಾಳನ್ನು ಒಂದೇ ಪಾತ್ರೆಗೆ ಹಿತಕುತ್ತಿದ್ದೆವು. ರಿನ್‌ಪುಯಿ ಹಿತಕಿದ ಬೇಳೆ ಹಾರಿ ಅತ್ತೆಯ ಕೆನ್ನೆಗೆ ಬಿದ್ದು ಎಲ್ಲರೂ ನಕ್ಕೆವು. ಅಷ್ಟರಲ್ಲಿ ಅತ್ತೆಗೆ ಫೋನು ಬಂತು. ಒಳಗೆ ಹೋಗಿ ಬಂದವರೇ ಪಾತ್ರೆ ಎತ್ತಿ, ಅಷ್ಟೂ ಬೇಳೆಯನ್ನು ಹಸುವಿನ ಮುಂದೆ ಸುರಿದರು. ನೆಂಟರು ಬರುತ್ತಾರೆ, ತಿಂಗಳ ಕೊನೆಗೆ ರೂಮು ಖಾಲಿ ಮಾಡಿ ಎಂದರು. ಯಾವ ನೆಂಟರು? ಗಂಗಾ ಏನೂ ಕೇಳದೆ ಕೈ ತೊಳೆದು ಮಹಡಿ ಹತ್ತಿದಳು. ರಿನ್‌ಪುಯಿ ಮಾತ್ರ ಅಲ್ಲೇ ನಿಂತು ನನ್ನನ್ನು ಹಿಂದಿಯಲ್ಲಿ ಕೇಳಿದಳು: “ಅಕ್ಕಾ, ಅದ್ರಲ್ಲಿ ನನ್ನ ಕೈನೂ ಇತ್ತು, ಗಂಗಾ ಕೈನೂ ಇತ್ತು. ಯಾವ ಕೈ ಆಗ್ಲಿಲ್ಲ?”

ಗೊತ್ತಿಲ್ಲ ಎಂದೆ. ಗೊತ್ತಿತ್ತು. ಅಡುಗೆಮನೆಯಲ್ಲಿ ಅತ್ತೆ ಹಲ್ಲು ಕಚ್ಚಿ ಹೇಳಿದರು: “ಅವ್ಳು ಊರಾಚೆ ಕಾಲೊನಿಯೋಳಂತೆ. ಹೇಳ್ದೇನೇ ಒಳಗ್ ಸೇರ್ಕೊಂಡವ್ಳೆ.” ಯಾರು ಹೇಳಿದ್ದೆಂದು ಕೇಳಿದರೆ, ಹೇಳೋರು ಹೇಳಿದ್ರು ಎಂದಷ್ಟೇ. ಅಂದಿನಿಂದ ಪಕ್ಕದ ಮನೆಯವರು ಕೆಮ್ಮಿದರೂ ನನಗೆ ಅನುಮಾನ. ಮಹಡಿಯ ಮೇಲೆ ಇಬ್ಬರೂ ಪಿಸುಗುಟ್ಟಿದರೆ, ಹೇಳಿದವಳು ನಾನೇ ಎಂದುಕೊಂಡಿದ್ದಾರೇನೋ ಎಂದು ಮೆಟ್ಟಿಲ ಬಳಿ ನಿಂತು ಕಿವಿಗೊಡುತ್ತೇನೆ.

ಮಾವ ನಿಮ್ಮನ್ನು ಕೇಳಿದ್ದಾಗಿ ತಿಳಿಸಲು ಹೇಳಿದ್ದಾರೆ. ಕಿವಿಗೆ ಮಫ್ಲರ್ ಕಟ್ಟಿಕೊಳ್ಳಿ. ಬೇಗ ಬನ್ನಿ.

ನಿಮ್ಮವಳೇ,
ಚಂದನ

ವಿ.ಸೂ.: ತನ್ನ ಮನೆ ಕಾಲೊನಿಯಲ್ಲಿದೆ ಎಂದು ಗಂಗಾ ಹೇಳಿದ್ದು ನನಗೊಬ್ಬಳಿಗೆ. ಬುಧವಾರ, ಅತ್ತೆ ಡೈರಿಗೆ ಹೋಗಿದ್ದಾಗ ತಾರಸಿಯಿಂದ ಫೋನಿನಲ್ಲಿ ನಾನು ಅದನ್ನು ಹೇಳಿದ್ದು ನಿಮಗೊಬ್ಬರಿಗೆ. ಗುರುವಾರದ ಆ ಫೋನು ನಿಮ್ಮದೇನಾ? ಹೌದೋ ಅಲ್ಲವೋ, ಬರೆದು ಕಳಿಸಿ. ಫೋನ್ ಮಾಡಬೇಡಿ. ನಿಮ್ಮ ದನಿ ಕೇಳಿದರೆ ನೀವು ಏನು ಹೇಳಿದರೂ ನಂಬಿಬಿಡುತ್ತೇನೆ.