ಗೊಂಬೆಯ ಕೈಮೇಲಿನ ಹಲ್ಲಿನ ಗುರುತು

೧೪ ಮೇ ೨೦೦೩, ಬುಧವಾರ, ಹಾಸನ

ನಿನ್ನೆಯೂ ಅದೇ ಕನಸು. ಮ್ಯೂಸಿಯಂನ ಪ್ಲಾಸ್ಟಿಕ್ ಗೊಂಬೆ ಬೆವರಿ ಬೆವರಿ ಕರಗಿಹೋಯಿತು. ಕಾವಲಿಗಿದ್ದ ನಾನು ಸುಮ್ಮನೆ ನೋಡುತ್ತ ನಿಂತಿದ್ದೆ.

ಇವತ್ತು ಅರಕಲಗೂಡಿನಿಂದ ಲಕ್ಕಮ್ಮ ಬಂದಿದ್ದರು. ಅವರ ತೀರಿಕೊಂಡ ಮಗಳ ಗೊಂಬೆ ಅದು. ಮನೆಯಲ್ಲಿ ಇಲಿ ಕಾಟ ಅಂತ ನಮಗೆ ಕೊಟ್ಟರು. ಹಲ್ಲು ಬರುವಾಗ ಮಗು ಅದರ ಕೈ ಕಚ್ಚಿತ್ತಂತೆ. ಆ ಎರಡು ಹಲ್ಲಿನ ಗುರುತು ನೋಡಲೆಂದೇ ಲಕ್ಕಮ್ಮ ಆಗಾಗ ಬರುತ್ತಾರೆ.

"ಯಾಕ್ ಸಾ, ಮೈಯೆಲ್ಲಾ ಅಂಟಂಟು? ಆ ಕಲ್ಲಿನ್ ಎಂಗಸ್ರೆಲ್ಲಾ ನೆಟ್ಟಗವ್ರೆ, ನನ್ ಕೂಸಿನ್ ಗೊಂಬೆ ಒಂದು ನಿಮ್ಗೆ ಭಾರ ಆಯ್ತಾ?" ಅಂದರು, ಪಕ್ಕದ ಸಾಲಿನ ಹಳೇ ಶಿಲ್ಪಗಳ ಕಡೆ ಕೈ ತೋರಿಸಿ.

ನಮ್ಮ ಆಫೀಸರ್ ಕೋಮಲಾ ಮೇಡಂ, ಪ್ಲಾಸ್ಟಿಕ್ಕಿನೊಳಗಿನ ಎಣ್ಣೆಯೇ ಹೊರಗೆ ಬರುತ್ತಿದೆ, ತಂಪಲ್ಲಿಟ್ಟರೆ ನಿಧಾನವಾಗುತ್ತೆ, ನಿಲ್ಲುವುದಿಲ್ಲ ಅಂದರು. ಒರೆಸಿದರೆ ಗುರುತು ಅಳಿಸುತ್ತದಂತೆ. ಒರೆಸದಿದ್ದರೆ ಧೂಳು ಮೆತ್ತಿಕೊಂಡು ಮುಚ್ಚಿಹೋಗುತ್ತದಂತೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು, ಏನು ಅಂತ ಮಾಡಲಿ?

ಲಕ್ಕಮ್ಮ ಗಾಜಿಗೆ ಮುಖ ಒತ್ತಿ, "ನನ್ ಕಣ್ ಮಂಜು ಸಾ. ಎರಡೂ ಅವೆ ತಾನೇ?" ಅಂದರು.

"ಅವೆ ಕಣವ್ವ" ಅಂದುಬಿಟ್ಟೆ.

ನನಗೆ ಕಂಡದ್ದು ಒಂದೇ. ದೀಪದ ನೆರಳಿಗೆ ಹಾಗೆ ಕಂಡಿತೋ ಏನೋ. ನಾಳೆ ಮೇಡಂಗೆ ಕೈಮುಗಿದು ಕೇಳಬೇಕು: ಭೂತಗನ್ನಡಿ ಹಿಡಿದು ಇನ್ನೊಂದು ಸಲ ನೋಡಿ ಮೇಡಂ, ಎರಡನೇ ಹಲ್ಲಿನ ಗುರುತು ಇನ್ನೂ ಇದೆಯಾ ಅಂತ.