ಕಾರೆಪೋಡು ರೈಲಿನ ಮುಂದೆ ನಡೆದವರು

ಕಾರೆಪೋಡು ಸ್ಟೇಷನ್,
ಫೆಬ್ರವರಿ 30, 2241

ನಮಗಿಂತ ಇನ್ನೂರು ವರ್ಷ ಮೊದಲು ಬದುಕಿದ್ದ ಎಲ್ಲರಿಗೂ ಚೆನ್ನಾಜಮ್ಮನ ನಮಸ್ಕಾರಗಳು.

ಮೇಲಿನ ತಾರೀಕು ನೋಡಿ ನಗಬೇಡಿ. ನಿಮ್ಮ ಫೆಬ್ರವರಿಗೆ ಮೂವತ್ತನೆಯ ದಿನವೇ ಇರಲಿಲ್ಲವೆಂದು ನನಗೆ ಗೊತ್ತು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳು ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಯಲ್ಲಿ ರಜೆಯಾಗಿ ಉಳಿಯುತ್ತವೆ. ಈ ಓಲೆಯಲ್ಲಿ ನಿಮಗೆ ಪರಿಚಯವಿಲ್ಲದ ಮಾತುಗಳು ಅಲ್ಲಲ್ಲಿ ಬರುತ್ತವೆ. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ, ಬಂದಲ್ಲೇ ಅರ್ಥವನ್ನೂ ಹೇಳುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ ಕಾರಣ ನಿನ್ನೆಯ ಖುಷಿ ಇನ್ನೂ ಕೈಯಿಂದ ಇಳಿಯದೆ ಇರುವುದು.

ನಾನು ರೈಲಿನ ಮುನ್ನಡೆ. ಹೊನ್ನೆಬೆಟ್ಟ ರಾಷ್ಟ್ರೀಯ ಉದ್ಯಾನದೊಳಗೆ ರೈಲು ಹೋಗುವಾಗ ಅದರ ಮುಂದೆ ಬರಿಗಾಲಲ್ಲಿ ನಡೆದು ಹೋಗುವವರನ್ನು ನಾವು ಹಾಗೆ ಕರೆಯುತ್ತೇವೆ. ಚಾಮರಾಜನಗರದಿಂದ ಕಾಡಿನ ಗೇಟಿನವರೆಗೆ ಗಾಡಿ ತನ್ನ ಪಾಡಿಗೆ ಓಡಿ ಬರುತ್ತದೆ. ಗೇಟು ದಾಟಿದ ಮೇಲಿನ ಹದಿನಾಲ್ಕು ಕಿಲೋಮೀಟರ್ ನನ್ನದು. ನಾನು ನಡೆದರೆ ರೈಲು ನಡೆಯುತ್ತದೆ, ನಾನು ನಿಂತರೆ ನಿಲ್ಲುತ್ತದೆ. ಮುಳ್ಳು ಚುಚ್ಚಿ ನಾನು ಕುಂಟಿದರೆ ಮೂರು ಬೋಗಿಯ ರೈಲೂ ನನ್ನ ಹಿಂದೆ ಕುಂಟುತ್ತದೆ. ಎಂಜಿನ್ನಿಗೆ ಹಾರ್ನ್ ಇಲ್ಲ. ಅದನ್ನು ಕಿತ್ತು ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಶಾಲೆಯ ಮಕ್ಕಳು ಅದನ್ನು ಒಮ್ಮೆ ಊದಿಸಿ ಕಿವಿ ಮುಚ್ಚಿಕೊಳ್ಳುತ್ತಾರೆ. ನೀವು ಕಾಡಿನ ನಡುವೆಯೇ ಗಂಟೆಗೆ ಎಂಬತ್ತು, ನೂರು ಕಿಲೋಮೀಟರ್ ಓಡುತ್ತಿದ್ದಿರಿ ಎಂದರೆ ಆ ಮಕ್ಕಳು ನಂಬುವುದಿಲ್ಲ. ಅಷ್ಟು ಬೇಗ ಹೋಗಿ ಅವರು ಏನು ನೋಡುತ್ತಿದ್ದರು ಎಂದು ನನ್ನನ್ನೇ ಕೇಳುತ್ತಾರೆ. ನನಗೂ ಗೊತ್ತಿಲ್ಲ.

ನಮ್ಮ ಕಾಲದಲ್ಲಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಲು ರೈಲು ಬಿಟ್ಟರೆ ಬೇರೆ ದಾರಿಯಿಲ್ಲ. ವಾರಕ್ಕೊಂದು ಗಾಡಿ, ಗಾಡಿಗೆ ನಲವತ್ತು ಜನ, ಸೀಟು ಚೀಟಿ ಎತ್ತಿ ಕೊಡುವುದು. ಚೀಟಿ ಬಂದ ಮನೆಯಲ್ಲಿ ಮದುವೆಯ ಸಡಗರವಿರುತ್ತದೆ, ಅಲಂಕಾರ ಮಾತ್ರ ಇರುವುದಿಲ್ಲ. ಮಲ್ಲಿಗೆ ಮುಡಿಯುವಂತಿಲ್ಲ, ಸೆಂಟು ಹಾಕುವಂತಿಲ್ಲ, ಬುತ್ತಿಗೆ ಒಗ್ಗರಣೆ ಕೊಡುವಂತಿಲ್ಲ. ಸಾಸಿವೆ ಇಂಗಿನ ಘಮ ಕಾಡಿನಲ್ಲಿ ಎಷ್ಟೋ ದೂರ ಹೋಗುತ್ತದೆ. ಒಗ್ಗರಣೆಯಿಲ್ಲದ ಮೊಸರನ್ನವನ್ನು ದೊಡ್ಡ ದೊಡ್ಡ ಮನುಷ್ಯರು ಮುಖ ಕಿವುಚಿಕೊಂಡು ನುಂಗುವುದನ್ನು ನೋಡಿದಾಗಲೆಲ್ಲ ನನಗೆ ಒಳಗೊಳಗೇ ನಗು. ಕ್ಯಾಮೆರಾ, ದುರ್ಬೀನು ಎರಡನ್ನೂ ಗೇಟಿನಲ್ಲೇ ಬಿಡಬೇಕು. ಕಾಡು ತಾನಾಗಿ ತೋರಿಸಿದಷ್ಟನ್ನು ಬರಿಗಣ್ಣಿನಲ್ಲಿ ನೋಡಬೇಕು ಎನ್ನುವುದು ನಮ್ಮ ಪದ್ಧತಿ. ಮಾತೆಲ್ಲ ಪಿಸುಮಾತು. ಹುಲಿ ಕಂಡರೂ ಕೂಗುವಂತಿಲ್ಲ, ಪಕ್ಕದವರ ತೋಳು ಚಿವುಟಬಹುದು ಅಷ್ಟೆ. ಹುಲಿ ಕಂಡ ಗಾಡಿಯಿಂದ ಇಳಿದವರ ತೋಳೆಲ್ಲ ಕೆಂಪಾಗಿರುತ್ತದೆ. ಕಾರೆಪೋಡಿನಲ್ಲಿ ಇಳಿದು, ರಾತ್ರಿ ಅಲ್ಲೇ ತಂಗಿ, ಮಾರನೆಯ ದಿನ ಹಿಂತಿರುಗುವುದು ವಾಡಿಕೆ. ನಡುವೆ ಎಲ್ಲಿಯೂ ಪ್ರಯಾಣಿಕರು ನೆಲಕ್ಕೆ ಕಾಲಿಡುವಂತಿಲ್ಲ.

ಇಷ್ಟು ಕಟ್ಟುನಿಟ್ಟು ಏಕೆಂದರೆ ಈ ಬಾಗಿಲು ನಮಗೆ ಸುಮ್ಮನೆ ತೆರೆದದ್ದಲ್ಲ. ನನ್ನ ಮುತ್ತಜ್ಜಿಯ ಕಾಲದಲ್ಲಿ ಕಾಡುಗಳನ್ನೆಲ್ಲ ಮುಚ್ಚಿಬಿಟ್ಟರು. ನೂರು ವರ್ಷ ಒಬ್ಬ ಮನುಷ್ಯನೂ ಒಳಗೆ ಹೋಗಲಿಲ್ಲ. ಅದನ್ನು ನಾವು ಮುಚ್ಚುಗಾಲ ಎನ್ನುತ್ತೇವೆ. ಹಾಗೆ ಮಾಡದಿದ್ದರೆ ಏನೂ ಉಳಿಯುತ್ತಿರಲಿಲ್ಲ ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೂ ಮೂರು ತಲೆಮಾರಿನ ಜನ ಆನೆಯನ್ನು ಪುಸ್ತಕದಲ್ಲಷ್ಟೇ ನೋಡಿ ಸತ್ತರು. ಹನ್ನೆರಡು ವರ್ಷದ ಹಿಂದೆ ಕಾಡುಸಭೆ, ಅಂದರೆ ಕಾಡಿನ ಪರವಾಗಿ ತೀರ್ಮಾನ ಮಾಡುವ ಹಿರಿಯರ ಕೂಟ, ಒಂದು ಷರತ್ತಿನ ಮೇಲೆ ಗೇಟು ತೆಗೆಯಿತು. ಹನ್ನೆರಡು ವರ್ಷ ವಾರ ತಪ್ಪದೆ ರೈಲು ಹೊತ್ತು ಮುಳುಗುವುದರೊಳಗೆ ಕಾರೆಪೋಡು ಮುಟ್ಟಬೇಕು. ಒಂದು ಜೀವಕ್ಕೂ ತಾಗಬಾರದು, ಒಂದನ್ನೂ ಬೆದರಿಸಿ ಓಡಿಸಬಾರದು. ಒಂದೇ ಸಲ ತಪ್ಪಿದರೂ ಇನ್ನು ನೂರು ವರ್ಷ ಬಾಗಿಲು ಬಂದ್. ಪೂರೈಸಿದರೆ ಅದು ಮತ್ತೆಂದೂ ಮುಚ್ಚುವುದಿಲ್ಲ. ಆ ಹನ್ನೆರಡು ವರ್ಷದ ಕಟ್ಟಕಡೆಯ ಗಾಡಿ ನಿನ್ನೆಯದು.

ಆ ಗಾಡಿಯಲ್ಲಿ ಕೇತಜ್ಜಿ ಇದ್ದರು. ಎಂಬತ್ತೆಂಟು ವರ್ಷದ ಸೋಲಿಗರ ಮುದುಕಿ. ಸೋಲಿಗರು ಕಾಡೊಳಗಿನ ತಮ್ಮ ಊರನ್ನು ಪೋಡು ಎನ್ನುತ್ತಾರೆ. ಕಾರೆಪೋಡು ಅಜ್ಜಿಯ ಹಿರಿಯರಿದ್ದ ಪೋಡು. ನಿಮ್ಮ ಕಾಲದಲ್ಲಿ ಯಾರೋ ಬಂದು ಒಂದು ಕಾಗದ ಓದಿ ಅವರನ್ನು ಅಲ್ಲಿಂದ ಎಬ್ಬಿಸಿದರಂತೆ. ಆಮೇಲೆ ಮುಚ್ಚುಗಾಲ ಬಂದು ಹಿಂತಿರುಗುವ ಮಾತೇ ಇಲ್ಲವಾಯಿತು. ಹನ್ನೆರಡು ವರ್ಷ ಪ್ರತಿ ವಾರವೂ ಚೀಟಿಗೆ ಹೆಸರು ಕೊಟ್ಟ ಅಜ್ಜಿಗೆ ಕೊನೆಯ ವಾರದಲ್ಲಿ ಚೀಟಿ ಬಂದಿತ್ತು. ಬೆಳಗ್ಗೆ ಗಾಡಿ ಹತ್ತಿದವರು ಕಿಟಕಿಗೆ ಮುಖವಿಟ್ಟು ಕೂತುಬಿಟ್ಟರು, ಬುತ್ತಿಯನ್ನೂ ಬಿಚ್ಚಲಿಲ್ಲ.

ಈಗ ನಾನು ಮಾಡಿದ ತಪ್ಪಿನ ಕಥೆ. ಗೇಟಿನಿಂದ ನಾಲ್ಕು ಕಿಲೋಮೀಟರ್ ನಡೆದಿದ್ದೆವು, ಬೆಳಗಿನ ಒಂಬತ್ತೂವರೆ ಇರಬೇಕು. ಒಂದು ತಿರುವಿನಲ್ಲಿ, ಬಿದಿರು ಮೆಳೆಯ ನೆರಳಿನಲ್ಲಿ, ಹಳಿಗೆ ಅಡ್ಡಲಾಗಿ ಆನೆಯೊಂದು ಮಲಗಿತ್ತು. ಮೈತುಂಬ ಕೆಮ್ಮಣ್ಣು. ನಾನು ಕೈ ಎತ್ತಿದೆ, ಹಿಂದೆ ಡ್ರೈವರ್ ಗುರುಮಲ್ಲಪ್ಪನವರು ಗಾಡಿ ನಿಲ್ಲಿಸಿದರು. ಇನ್ನೂರು ಹೆಜ್ಜೆಗಿಂತ ಹತ್ತಿರ ಹೋಗುವಂತಿಲ್ಲ. ಕಣ್ಣು ಕಿರಿದು ಮಾಡಿ ನೋಡಿದೆ, ಕಿವಿ ಮೆಲ್ಲಗೆ ಅಲ್ಲಾಡಿತು. ಹೀಗೆ ಹಗಲಿನಲ್ಲಿ ಹಳಿಯ ಮೇಲೆ ಮಲಗಿದೆಯೆಂದರೆ ಮರಿ ಹಾಕುವ ಆನೆಯೇ ಇರಬೇಕೆಂದು ನನಗೆ ಖಾತ್ರಿಯಾಯಿತು, ಹಾಗೆಂದು ಎಲ್ಲರಿಗೂ ಪಿಸುಗುಟ್ಟಿದೆ. ಹನ್ನೆರಡು ವರ್ಷದ ಅನುಭವವಿರುವ ಮುನ್ನಡೆಯ ಮಾತಲ್ಲವೆ, ಎಲ್ಲರೂ ನಂಬಿದರು.

ಹನ್ನೊಂದು ಗಂಟೆಯಾಯಿತು. ಹನ್ನೆರಡಾಯಿತು. ಆನೆ ಏಳಲಿಲ್ಲ, ಕಿವಿ ಮಾತ್ರ ಆಗೊಮ್ಮೆ ಈಗೊಮ್ಮೆ ಅಲ್ಲಾಡುತ್ತಿತ್ತು. ಉಳಿದ ಹತ್ತು ಕಿಲೋಮೀಟರ್ ನಡೆಯಲು ಮೂರು ಗಂಟೆ ಬೇಕು. ಮೂರೂಕಾಲಿಗೆ ಹೊರಡದಿದ್ದರೆ ಎಲ್ಲವೂ ಮುಗಿದಂತೆ. ಒಂದು ಗಂಟೆಯ ಹೊತ್ತಿಗೆ ಹಾಸನದ ಮೇಷ್ಟ್ರೊಬ್ಬರು ಎಲ್ಲರೂ ಒಟ್ಟಿಗೆ ಮೆಲ್ಲಗೆ ಚಪ್ಪಾಳೆ ತಟ್ಟಿದರೆ ಹೇಗೆ ಎಂದರು. ಗುರುಮಲ್ಲಪ್ಪನವರಂಥ ಸಾಧು ಮನುಷ್ಯರೂ ಗಾಡಿಯನ್ನು ಅಂಗುಲ ಅಂಗುಲವಾಗಿ ಮುಂದೆ ಬಿಡಲೇ ಎಂದು ನನ್ನ ಮುಖ ನೋಡಿದರು. ಸುಳ್ಳು ಹೇಳುವುದಿಲ್ಲ, ನನ್ನ ಮನಸ್ಸೂ ಹೊಯ್ದಾಡಿತು. ಕಾಡುಸಭೆಯವರು ಯಾರೂ ಅಲ್ಲಿರಲಿಲ್ಲ. ಆಗ ಕೇತಜ್ಜಿ ಕಿಟಕಿಯಿಂದ ಮುಖ ತೆಗೆದು ಬೋಗಿಯ ಒಳಗೆ ತಿರುಗಿದರು.

"ನೂರ್ ವರ್ಸ ಕಾದೊ. ಇನ್ನೊಂದು ಗಳಿಗೆ ಕಾಯಕ್ಕೆ ನಿಮ್ಗೇನ್ ರೋಗ? ಸುಮ್ಗೆ ಕೂತ್ಕಳಿ."

ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವರೇ ಹಾಗೆಂದ ಮೇಲೆ ಮೇಷ್ಟ್ರು ಕೈಕಟ್ಟಿ ಕೂತರು. ನನಗೆ ನಾಚಿಕೆಯಾಯಿತು.

ಎರಡು ಗಂಟೆ ದಾಟಿತ್ತು. ಎಡಗಡೆಯ ಮೆಳೆಯಿಂದ ಸದ್ದಿಲ್ಲದೆ ಒಂದು ಹಿಂಡು ಇಳಿದು ಬಂತು. ಹನ್ನೊಂದು ಆನೆಗಳು, ಒಂದು ಪುಟ್ಟ ಮರಿ. ಮುಂದಿದ್ದ ದೊಡ್ಡ ಹೆಣ್ಣಾನೆ ನೇರವಾಗಿ ನಮ್ಮ ಆನೆಯ ಹತ್ತಿರ ಹೋಗಿ, ಸೊಂಡಿಲು ಚಾಚಿ, ಅದರ ಕಿವಿಯನ್ನು ಕಿತ್ತುಕೊಂಡಿತು. ಬೋಗಿಯಲ್ಲಿ ಎಲ್ಲರೂ ಕಿಟಕಿಗೆ ಮುಗಿಬಿದ್ದರು. ಆನೆ ಆ ಕಿವಿಯನ್ನು ಬೆನ್ನಿಗೆ ಬಡಿದುಕೊಂಡು ನೊಣ ಓಡಿಸತೊಡಗಿತು. ಅದು ಅಗಲ ಎಲೆಯ ತೇಗದ ಕೊಂಬೆ. ಕೆಳಗೆ ಮಲಗಿದ್ದದ್ದು, ಹಿಂದಿನ ದಿನದ ಅಕಾಲ ಮಳೆಗೆ ದಿಬ್ಬದಿಂದ ಜಾರಿ ಬಂದ ಬಂಡೆ. ಮರಿಯಾನೆ ಅದರ ಮೇಲೆ ಹತ್ತಿತು, ಜಾರಿತು, ಮತ್ತೆ ಹತ್ತಿತು. ನಾಲ್ಕೂವರೆ ಗಂಟೆ ನಲವತ್ತು ಜನರನ್ನು ಒಂದು ಕಲ್ಲಿನ ಬಾಣಂತನಕ್ಕೆ ಕಾಯಿಸಿದ್ದೆ. ನನ್ನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಜನ ಬಾಯಿಗೆ ಸೆರಗು, ಟವೆಲ್ಲು ತುರುಕಿಕೊಂಡು ಹೊಟ್ಟೆ ಹಿಡಿದು ನಕ್ಕರು. ಬೋಗಿಗಳು ಅಲುಗಾಡಿದವು, ಸದ್ದು ಮಾತ್ರ ಒಂದಿಷ್ಟೂ ಇಲ್ಲ. ಅದು ಕಲ್ಲೆಂದು ಮೊದಲೇ ತಿಳಿದಿದ್ದರೆ ಅದನ್ನು ಉರುಳಿಸಿ ಗಾಡಿಯನ್ನು ಆ ತಿರುವಿಗೆ ತಂದಿರುತ್ತಿದ್ದೆ. ಮೆಳೆಯಲ್ಲೇ ಇದ್ದಿರಬಹುದಾದ ಹಿಂಡು ನಮ್ಮನ್ನು ಕಂಡು ಬೆದರಿ ಓಡಿ, ನಮಗೆ ಗೊತ್ತಾಗದೆಯೇ ಷರತ್ತು ಮುರಿದಿರುತ್ತಿತ್ತೇನೋ.

ಹಿಂಡು ದಾಟಿ ಹೋಗಲು ಅರ್ಧ ಗಂಟೆ ಹಿಡಿಯಿತು. ಬಂಡೆಯನ್ನು ಸರಿಸಲು ನಾನೂ ಗುರುಮಲ್ಲಪ್ಪನವರೂ ಹಾರೆ ಹಾಕಿ ಮೀಟಿದೆವು, ಅದು ಮಿಸುಕಲಿಲ್ಲ. ಕೈಗಳು ಬೇಕು, ಆದರೆ ಪ್ರಯಾಣಿಕರು ಇಳಿಯುವಂತಿಲ್ಲ. ಮುನ್ನಡೆಗಳು ಇಳಿಯಬಹುದು. ಮುನ್ನಡೆಯಾಗುವುದಕ್ಕೆ ದೊಡ್ಡ ಪರೀಕ್ಷೆಯೇನೂ ಇಲ್ಲ: ಚಪ್ಪಲಿ ಕಳಚಿ, ಬಾಗಿಲಿನ ಸರಳು ಹಿಡಿದು, ಮುಂದೆ ಯಾರಿದ್ದರೂ ದಾರಿ ಮೊದಲು ಅವರದು ಎಂದು ಹಳೆಯ ಮುನ್ನಡೆಯ ಎದುರು ಮೂರು ಸಲ ಹೇಳಬೇಕು, ಅಷ್ಟೆ. ಹನ್ನೆರಡು ವರ್ಷದಲ್ಲಿ ನಾನು ಇಬ್ಬರಿಗೆ ಹೇಳಿಸಿದ್ದೆ. ನಿನ್ನೆ ಒಂದೇ ಉಸಿರಿಗೆ ಮೂವತ್ತೊಂಬತ್ತು ಜನರಿಗೆ ಹೇಳಿಸಿದೆ. ಮೇಷ್ಟ್ರು, ದರ್ಜಿಗಳು, ಒಬ್ಬ ಹಲ್ಲಿನ ಡಾಕ್ಟರು, ಎಲ್ಲರೂ ಬರಿಗಾಲಲ್ಲಿ ಇಳಿದು ಬೆನ್ನು ಕೊಟ್ಟರು. ಬಂಡೆ ಒಂದು ಸಲ ತೂಗಾಡಿ ಪಕ್ಕದ ಚರಂಡಿಗೆ ಉರುಳಿತು. ನಾನು ಗಡಿಯಾರ ನೋಡಿದೆ, ಮೂರೂ ಇಪ್ಪತ್ತು.

ನಲವತ್ತನೆಯವರು ಕೇತಜ್ಜಿ. ಅವರಿಂದ ಬಂಡೆ ನೂಕಿಸುವುದು ಬೇಡವೆಂದು ಬಿಟ್ಟಿದ್ದೆ. ಎಲ್ಲರೂ ಹತ್ತಿ ಕೂತ ಮೇಲೆ ಅಜ್ಜಿ ತಮ್ಮ ಚಪ್ಪಲಿಯನ್ನು ನನ್ನ ಕೈಗೆ ಕೊಟ್ಟು, ಕೇಳದೆಯೇ ಆ ಮಾತನ್ನು ಮೂರು ಸಲ ಹೇಳಿದರು. ಅವರ ಆಸೆ ಏನೆಂದು ಗೊತ್ತಾಗಿ ಚಪ್ಪಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಆ ಹತ್ತು ಕಿಲೋಮೀಟರ್ ನಾನು ಹೇಗೆ ಅಷ್ಟು ಬೇಗ ನಡೆದೆನೋ ದೇವರಿಗೇ ಗೊತ್ತು. ಜಿಂಕೆಗಳಿಗೆ ಒಮ್ಮೆ, ಒಂದು ಆಮೆಗೆ ಒಮ್ಮೆ ನಿಂತೆವು. ಆಮೆಯಂತೂ ಹಳಿಯ ನಡುವೆ ಬಂದು ಯೋಚನೆಗೆ ಕೂತಿತು. ಕಾರೆಪೋಡಿನ ಕಂಬ ಕಂಡಾಗ ಸೂರ್ಯ ಬೆಟ್ಟದ ನೆತ್ತಿಗೆ ಇಳಿದಿದ್ದ. ಇನ್ನು ಇನ್ನೂರು ಹೆಜ್ಜೆ. ನಾನು ಹೋಗಿದ್ದರೆ ಎರಡು ನಿಮಿಷದ ದಾರಿ. ನಾನು ನಿಂತೆ, ಹಿಂದೆ ಹೋಗಿ ಅಜ್ಜಿಯನ್ನು ಇಳಿಸಿಕೊಂಡು ಬಂದು ಎಂಜಿನ್ನಿನ ಮುಂದೆ ನಿಲ್ಲಿಸಿದೆ. ಗುರುಮಲ್ಲಪ್ಪನವರು ಒಮ್ಮೆ ಸೂರ್ಯನನ್ನು ನೋಡಿದರು, ಆದರೂ ತಲೆಯಾಡಿಸಿದರು. ಹನ್ನೆರಡು ವರ್ಷದ ದುಡಿಮೆಯನ್ನು ಎಂಬತ್ತೆಂಟು ವರ್ಷದ ಕಾಲುಗಳ ಮೇಲೆ ಇಟ್ಟೆನೆಂದು ನೀವು ಬೈಯಬಹುದು. ನನಗೆ ಬೇರೆ ದಾರಿ ಕಾಣಲಿಲ್ಲ. ಆ ಊರಿಗೆ ಅವರ ಮುಂದೆ ನಾನು ಹೇಗೆ ಕಾಲಿಡಲಿ?

ಅಜ್ಜಿ ನಡೆದರು. ಕೋಲಿಲ್ಲದೆ, ಯಾರ ಕೈಯನ್ನೂ ಹಿಡಿಯದೆ, ಒಂದೊಂದು ಹೆಜ್ಜೆಯನ್ನೂ ಊರಿ ನೋಡಿ. ಅವರ ಹಿಂದೆ ರೈಲು, ಕಿಟಕಿಗಳ ತುಂಬ ಮುಖಗಳು. ಕೊನೆಯ ಹೆಜ್ಜೆ ಪ್ಲಾಟ್‌ಫಾರ್ಮಿನ ಕಲ್ಲು ಮುಟ್ಟಿದಾಗ ಸೂರ್ಯ ಇನ್ನೂ ಬೆರಳಿನಷ್ಟು ಮೇಲಿದ್ದ. ಸ್ಟೇಷನ್ನಿನಲ್ಲಿ ಕಾಯುತ್ತಿದ್ದ ಕಾಡುಸಭೆಯ ಹಿರಿಯರು ಎದ್ದು ನಿಂತರು. ಅವರಲ್ಲೊಬ್ಬರು ಗೇಟಿನ ಬೀಗದ ಕೈಯನ್ನು ತಂದು ಅಜ್ಜಿಯ ಅಂಗೈಯಲ್ಲಿಟ್ಟರು. ನಾವು ನಲವತ್ತೆರಡು ಜನ ಅಳುತ್ತಾ ಒಬ್ಬರ ತೋಳು ಒಬ್ಬರು ಚಿವುಟಿಕೊಂಡೆವು. ಗೆದ್ದೆವು, ಹಿಂದಿನವರೇ. ಬಾಗಿಲು ಇನ್ನು ಮುಚ್ಚುವುದಿಲ್ಲ.

ನಿಮಗೊಂದು ಓಲೆ ಬರೆಯಬೇಕೆಂದು ಬಹಳ ವರ್ಷಗಳಿಂದ ಇತ್ತು, ಅದರ ತುಂಬ ಬೈಗುಳವೇ ಇರಬೇಕೆಂದಿತ್ತು. ನಿಮ್ಮ ಮೇಲೆ ನನಗೆ ಅಷ್ಟು ಸಿಟ್ಟಿತ್ತು. ಇವತ್ತು ಬೆಳಗ್ಗೆ ಕಾಗದ ತೆಗೆದು ಕೂತಾಗ ಕೇತಜ್ಜಿ ಪಕ್ಕದಲ್ಲಿ ಬಂದು ಕೂತು, ಯಾರಿಗೆ ಬರೆಯುತ್ತಿದ್ದೀಯ ಎಂದು ಕೇಳಿದರು. ಇಲ್ಲಿಂದ ನಿಮ್ಮವರನ್ನು ಎಬ್ಬಿಸಿದ ಕಾಲದವರಿಗೆ ಎಂದೆ. ಅಜ್ಜಿ ಕಾಗದದ ಮೇಲೆ ಕೈಯಿಟ್ಟರು.

"ಬೈಬ್ಯಾಡ ಕನವ್ವ," ಎಂದರು. "ಕಾಡು ಅದೆ, ಆನೆ ಅವೆ, ನಾವೂ ವಾಪಸ್ ಬಂದೊ ಅಂತ ಬರಿ. ಅಷ್ಟ್ ಸಾಕು."

ಬರೆದಿದ್ದೇನೆ.

ಇಂತಿ,
ಚೆನ್ನಾಜಮ್ಮ
ಕಾರೆಪೋಡು ರೈಲಿನ ಮುನ್ನಡೆ