ಭಾವನವರು ಕೊಟ್ಟ ಕಂಪ್ಯೂಟರ್

ಬೈಲಹೊಂಗಲ,
ಸೋಮವಾರ, ೧೫ ಜುಲೈ ೨೦೨೪

ಪ್ರೀತಿಯ ಶರ್ವರಿ ಅಕ್ಕಾ,

ಹೇಗಿದ್ದೀ? ತಲೆನೋವು ಕಡಿಮೆಯಾಯಿತೇ? ನೀನು ಸರಿಯಾಗಿ ಊಟ ಮಾಡುತ್ತೀಯೋ ಇಲ್ಲವೋ ಎಂದು ಅವ್ವ ದಿನಾ ನನ್ನನ್ನೇ ಕೇಳುತ್ತಾಳೆ, ನಾನೇನೋ ರಾಮದುರ್ಗದಲ್ಲಿ ನಿನ್ನ ಪಕ್ಕ ಕುಳಿತವಳಂತೆ. ಅವಳ ಮಂಡಿನೋವು ಹಾಗೆಯೇ ಇದೆ. ಪತ್ರವನ್ನು ನಿನ್ನ ಮನೆಗೆ ಹಾಕದೆ ಶಾಲೆಯ ವಿಳಾಸಕ್ಕೆ ಹಾಕಿದ್ದೇನೆ, ಗಾಬರಿಯಾಗಬೇಡ. ಓದುವಾಗ ಮಾತ್ರ ಒಬ್ಬಳೇ ಇರು.

ದೀಪಾವಳಿಗೆ ಭಾವನವರು ಹೊಸ ಕಂಪ್ಯೂಟರ್ ಕೊಂಡು, ನೀನು ಬಳಸುತ್ತಿದ್ದ ಹಳೆಯದನ್ನು ನನ್ನ ಮನೆಪಾಠಕ್ಕೆಂದು ಕೊಟ್ಟರಲ್ಲ, ಅದರದೇ ವಿಷಯ. ಹೋದ ವಾರ ಮಕ್ಕಳ ಪ್ರಶ್ನೆಪತ್ರಿಕೆ ಮಾಡುವಾಗ ಅದು ತೀರ ನಿಧಾನವಾಯಿತು. ವೈರಸ್ ಇರಬಹುದೆಂದು ಸೆಕ್ಯೂರಿಟಿ ಸೆಟ್ಟಿಂಗ್ ತೆರೆದರೆ, ವೈರಸ್ ತಡೆಯುವ ಭಾಗವೇ ಅಲ್ಲಿರಲಿಲ್ಲ. ಆಫ್ ಆಗಿದ್ದರೆ ಆನ್ ಮಾಡುತ್ತಿದ್ದೆ. ಇಲ್ಲಿ ಗುಂಡಿಯೇ ಇಲ್ಲ. ಅಡ್ಮಿನಿಸ್ಟ್ರೇಟರ್ ಇದನ್ನು ನಿರ್ಬಂಧಿಸಿದ್ದಾರೆ ಎಂದು ಒಂದು ಸಾಲು ಮಾತ್ರ. ನಾನು, ಅವ್ವ ಇಬ್ಬರೇ ಇರುವ ಈ ಮನೆಯಲ್ಲಿ ಯಾರಪ್ಪಾ ಈ ಅಡ್ಮಿನಿಸ್ಟ್ರೇಟರ್ ಎಂದು ನಗು ಬಂತು. ಅಪ್‌ಡೇಟ್ ಮಾಡಿದೆ, ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ, ಏನೂ ಆಗಲಿಲ್ಲ. ಕಾಣೆಯಾದ ಸೆಟ್ಟಿಂಗನ್ನು ಮರಳಿ ತರುವುದು ಹೇಗೆಂದು ಇಂಟರ್ನೆಟ್ಟಿನಲ್ಲಿ ಹುಡುಕುತ್ತ ಕುಳಿತೆ.

ಆಗಲೇ ಭಾವನವರ ಫೋನ್ ಬಂತು. ಅವ್ವನ ಆರೋಗ್ಯ ಕೇಳಿದರು, ಪಾಠದ ಬಗ್ಗೆ ಕೇಳಿದರು, ಆಮೇಲೆ ತಣ್ಣಗೆ, “ವರದಾ, ಆ ಸೆಟ್ಟಿಂಗಿನ ಗೊಡವಿಗೆ ಯಾಕ ಹೋಗ್ತೀ? ಅದು ಹಂಗ ಇರ್ಲಿ ಬಿಡು” ಎಂದರು. ನಾನು ಅವ್ವನಿಗೂ ಹೇಳಿರಲಿಲ್ಲ ಅಕ್ಕಾ! ಹೂಂ ಎಂದೆನೋ ಇಲ್ಲವೋ ನೆನಪಿಲ್ಲ. ನಾನು ಟೈಪ್ ಮಾಡಿದ ಪ್ರಶ್ನೆ ಪರದೆಯ ಮೇಲೆ ಹಾಗೇ ಇತ್ತು. ವಾಯರ್ ಕಿತ್ತು, ಮೇಲೆ ಅವ್ವನ ಹಳೆಯ ಸೀರೆ ಹೊದಿಸಿದೆ. ಆದರೂ ಅದಕ್ಕೆ ಬೆನ್ನು ಹಾಕಿ ಕೂರಲು ಧೈರ್ಯವಾಗಲಿಲ್ಲ.

ಮರುದಿನ ಬಜಾರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಸಂದೀಪನ ಅಂಗಡಿಗೆ ಒಯ್ದೆ. ನೆಟ್ ಜೋಡಿಸದೆಯೇ ತೆರೆದು ಬಹಳ ಹೊತ್ತು ನೋಡಿದ. “ಇದು ಕೆಟ್ಟಿಲ್ಲರಿ ಅಕ್ಕಾರ. ನೀವು ಮಾಡೂದನ್ನೆಲ್ಲಾ ನೋಡೂ ಪ್ರೋಗ್ರಾಂ ಒಂದು ಒಳಗ ಕುಂದರಿಸ್ಯಾರ. ಅದು ಸಿಕ್ಕೀತಂತ ಸೆಟ್ಟಿಂಗ್ ಮುಚ್ಚಿಟ್ಟಾರ” ಎಂದ. ಪರದೆಯ ಫೋಟೋ ತೆಗೆದು ತೆಗೆದು ಅದು ಭಾವನವರ ಇಮೇಲಿಗೆ ಕಳಿಸುತ್ತಿತ್ತು. ಹಳೆಯ ಫೋಟೋಗಳೂ ಒಳಗೆ ಉಳಿದಿದ್ದವು. ಅವು ನನ್ನವಲ್ಲ, ನಿನ್ನವು. ನಮಗೆ ಹತ್ತಿರವಾಗಲೆಂದು ಕಿತ್ತೂರಿನ ಶಾಲೆಗೆ ವರ್ಗಾವಣೆ ಕೇಳಿ ನೀನು ಬರೆಯುತ್ತಿದ್ದ ಇಮೇಲೂ ಇತ್ತು, ಸಾಲು ಸಾಲಾಗಿ ಬೆಳೆಯುತ್ತ ಹೋದದ್ದು.

ಯುಗಾದಿಗೆ ಬಂದಾಗ ಅಡಿಗೆಮನೆಯಲ್ಲಿ ನೀನು ಪಿಸುಗುಟ್ಟಿದ್ದೆ: “ನಾ ಮನಸಿನ್ಯಾಗ ಅನ್ಕೊಂಡದ್ದೂ ಅವರಿಗೆ ಗೊತ್ತಾಗ್ತದ. ಕಿತ್ತೂರಿನ ಮಾತು ನಾ ಯಾರ ಮುಂದೂ ಆಡಿದ್ದಿಲ್ಲ.” ಡಾಕ್ಟರಿಗೆ ತೋರಿಸಿಕೋ ಎಂದಿದ್ದಳು ಅವ್ವ. ನಿನಗೆ ಏನೂ ಆಗಿಲ್ಲ ಅಕ್ಕಾ. ನಿನ್ನ ತಲೆ ನೆಟ್ಟಗಿದೆ.

ಅವ್ವನಿಗೆ ಎಲ್ಲ ಹೇಳಿದೆ. ಎದ್ದು ನಿನ್ನ ಕೋಣೆ ಗುಡಿಸಲು ಹೋದಳು. ನಿನ್ನೆ ಭಾವನವರು ಮತ್ತೆ ಫೋನ್ ಮಾಡಿ, “ಕಂಪ್ಯೂಟರ್ ಯಾಕ ಬಂದ್ ಅದ?” ಎಂದು ಕೇಳಿದಾಗ ಅವಳೇ ಫೋನ್ ಕಸಿದುಕೊಂಡು, ಸಿಡಿಲಿಗೆ ಸುಟ್ಟಿದೆ ಎಂದಳು. ಅದನ್ನು ಒಯ್ಯಲು ಈ ಭಾನುವಾರ ತಾವೇ ಬರುತ್ತಾರಂತೆ. ಆಗಿನಿಂದ ಗೇಟು ಸಪ್ಪಳವಾದರೆ ಇಬ್ಬರೂ ಬೆಚ್ಚಿಬೀಳುತ್ತೇವೆ.

ಅವ್ವನ ಆಶೀರ್ವಾದ ನಿನ್ನ ಮೇಲಿದೆ. ಧೈರ್ಯವಾಗಿರು.

ನಿನ್ನ ತಂಗಿ,
ವರದಾ

ತಾ.ಕ.: ನಿನ್ನ ಫೋನ್ ಕೊಡಿಸಿದವರೂ ಅವರೇ ಅಲ್ಲವೇ? ಅದರಲ್ಲೂ ಇರಬಹುದು ಎನ್ನುತ್ತಾನೆ ಸಂದೀಪ. ಅದರಲ್ಲಿ ಏನನ್ನೂ ಹುಡುಕಬೇಡ, ನನಗೆ ಕರೆ ಮಾಡಬೇಡ. ಶನಿವಾರ ಮುಂಜಾನೆಯ ಶಾಲೆ ಬಿಡುವ ಹೊತ್ತಿಗೆ ಬಾಳಕೃಷ್ಣ ಕಾಕಾನ ಗಾಡಿಯಲ್ಲಿ ನಾನೂ ಅವ್ವನೂ ಹಿಂದಿನ ಗೇಟಿನಲ್ಲಿ ನಿಂತಿರುತ್ತೇವೆ. ಮನೆಗೆ ಹೋಗಬೇಡ, ಬಟ್ಟೆಬರೆ ಏನೂ ಬೇಡ. ಫೋನನ್ನು ಚಾಲೂ ಇರುವಂತೆಯೇ ನಿನ್ನ ಮೇಜಿನ ಡ್ರಾವರಿನಲ್ಲಿಟ್ಟು ಬಾ. ನೀನು ಇನ್ನೂ ಶಾಲೆಯಲ್ಲೇ ಇದ್ದೀ ಎಂದು ಅವರು ನೋಡುತ್ತ ಕೂರಲಿ.